ಮನೆಯಲ್ಲಿ ಪಕ್ಷಿ ಸಾಕುವ ಮುನ್ನ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮನೆಗೆ ಪಕ್ಷಿಯೊಂದನ್ನು ತರಬೇಕೆಂಬ ಆಲೋಚನೆಯು ಬಹುಪಾಲು ಮಕ್ಕಳ ಒತ್ತಾಯದಿಂದ ಹುಟ್ಟುತ್ತದೆ. ತೀರ್ಮಾನವನ್ನು ಮಾತ್ರ ಹಿರಿಯರು ಕೈಗೊಳ್ಳಬೇಕಾಗುತ್ತದೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಆಸುಪಾಸಿನ ಮೇಲ್ಕಂಡ ಐದು ತಾಲ್ಲೂಕುಗಳ ಕುಟುಂಬಗಳು ಈ ತೀರ್ಮಾನಕ್ಕೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಪಕ್ಷಿಯ ಬಣ್ಣ, ಬೆಲೆ ಮತ್ತು ಮಾತನಾಡುವ ಶಕ್ತಿಯನ್ನು ವಿಚಾರಿಸುವುದಕ್ಕೆ ಮೊದಲು, ತಮ್ಮ ಮನೆಯ ಒಂದು ವರ್ಷದ ದಿನಚರಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಸೂಕ್ತ.

ದೇಶೀಯ ಗಿಣಿಯ ವಿಷಯ

ನಮ್ಮ ಭಾಗದಲ್ಲಿ ಸಾಕುಪಕ್ಷಿ ಎಂದಾಕ್ಷಣ ನೆನಪಾಗುವುದು ಕೊರಳಲ್ಲಿ ಕೆಂಪು ಪಟ್ಟಿಯುಳ್ಳ ಹಸಿರು ಗಿಣಿ. ಇದನ್ನು ಪಂಜರದಲ್ಲಿಡುವುದು ತಲೆಮಾರುಗಳಿಂದ ನಡೆದುಬಂದ ರೂಢಿಯಾದ ಕಾರಣ ಇದು ಅಪರಾಧವೆಂಬುದನ್ನು ಅನೇಕರು ಒಪ್ಪುವುದಿಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಮೇರೆಗೆ ಈ ಗಿಣಿಯು ಸಂರಕ್ಷಿತ ಪಕ್ಷಿಯಾಗಿದೆ. ದಿನಾಂಕ 1-4-2023ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಇದು 2ನೇ ಅನುಸೂಚಿಯಲ್ಲಿ ಸೇರಿದ್ದು, ಹಿಡಿಯುವುದು, ಮಾರುವುದು, ಕೊಳ್ಳುವುದು ಹಾಗೂ ಇಟ್ಟುಕೊಳ್ಳುವುದಕ್ಕೆ 3 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಬ್ಬಿನ ಗದ್ದೆಯಲ್ಲಿ ಸಿಕ್ಕಿತೆಂದು ನವಿಲಿನ ಮರಿಯನ್ನು ಮನೆಗೆ ತರುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ನವಿಲು 1ನೇ ಅನುಸೂಚಿಯಲ್ಲಿದ್ದು, ಕನಿಷ್ಠ ಶಿಕ್ಷೆಯೇ 3 ವರ್ಷಗಳು.

ಇಲ್ಲಿ ಒಂದು ಸನ್ನಿವೇಶವನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಊರು ಬಿಡುವ ಅಥವಾ ವಯಸ್ಸಾದ ನೆರೆಯವರು ತಾವು ಹತ್ತು ವರ್ಷಗಳಿಂದ ಸಾಕಿದ ಗಿಣಿಯನ್ನು “ನೀವೇ ಇಟ್ಟುಕೊಳ್ಳಿ” ಎಂದು ಕೊಡಲು ಬರುತ್ತಾರೆ. ಹಣದ ವ್ಯವಹಾರವಿಲ್ಲ, ಉದ್ದೇಶವೂ ಒಳ್ಳೆಯದು. ಆದರೂ ಪಂಜರವು ನಿಮ್ಮ ಮನೆಗೆ ಬಂದ ದಿನದಿಂದ ಸಂರಕ್ಷಿತ ಪಕ್ಷಿಯನ್ನು ಇಟ್ಟುಕೊಂಡವರು ನೀವಾಗುತ್ತೀರಿ. ಅಂತಹ ಗಿಣಿಯನ್ನು ಪಡೆಯದೆ, ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಒಪ್ಪಿಸುವಂತೆ ಅವರಿಗೆ ತಿಳಿಸುವುದೇ ಸರಿಯಾದ ಕ್ರಮ. ಪುಣ್ಯ ಬರುವುದೆಂದು ಪಂಜರದ ಬಾಗಿಲು ತೆರೆದು ಹಾರಿಬಿಡುವುದೂ ತಕ್ಕುದಲ್ಲ. ವರ್ಷಗಟ್ಟಲೆ ಹಾರದ, ಕೆಲವೊಮ್ಮೆ ರೆಕ್ಕೆಯ ಗರಿ ಕತ್ತರಿಸಲ್ಪಟ್ಟ ಹಕ್ಕಿಯು ಸಂಜೆಯೊಳಗೆ ಬೆಕ್ಕಿನ ಅಥವಾ ಕಾಗೆಯ ಪಾಲಾಗುವ ಸಂಭವವೇ ಹೆಚ್ಚು.

ಮಿರಜ ಅಥವಾ ಕೊಲ್ಹಾಪುರದ ಪೇಟೆಯಲ್ಲಿ ಕೊಂಡರೆ ತೊಂದರೆಯಿಲ್ಲವೆಂಬ ತಿಳಿವಳಿಕೆಯೂ ತಪ್ಪು. ಸದರಿ ಅಧಿನಿಯಮವು ಕೇಂದ್ರದ ಕಾನೂನಾಗಿದ್ದು, ಗಡಿಯ ಎರಡೂ ಬದಿಗೆ ಒಂದೇ ರೀತಿ ಅನ್ವಯಿಸುತ್ತದೆ.

ವಿದೇಶಿ ಮೂಲದ ಪಕ್ಷಿಗಳು

ಹೀಗಾಗಿ ಸಾಕಲು ಉಳಿಯುವುದು ಬಜ್ಜರಿಗಾರ್, ಕಾಕಟೀಲ್, ಆಫ್ರಿಕಾ ಮೂಲದ ಲವ್ ಬರ್ಡ್ ಮುಂತಾದ ವಿದೇಶಿ ತಳಿಗಳು. ಅಂಗಡಿಗಳಲ್ಲಿ ಬಜ್ಜರಿಗಾರನ್ನೂ ಲವ್ ಬರ್ಡ್ಸ್ ಎಂದೇ ಮಾರುವುದರಿಂದ ಹೆಸರನ್ನು ನಂಬದೆ ತಳಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಕಾರಣವಿಷ್ಟೆ: ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಗಿಣಿ ಜಾತಿಯ ಬಹುತೇಕ ಎಲ್ಲ ಪಕ್ಷಿಗಳೂ ಸೇರಿವೆ. ಬಜ್ಜರಿಗಾರ್, ಕಾಕಟೀಲ್ ಹಾಗೂ ಗುಲಾಬಿ ಮುಖದ ಲವ್ ಬರ್ಡ್ ಅದರಿಂದ ಹೊರಗಿವೆ. ಪಟ್ಟಿಯಲ್ಲಿರುವ ಸನ್ ಕನ್ಯೂರ್, ಆಫ್ರಿಕನ್ ಗ್ರೇ ಮೊದಲಾದವನ್ನು ಪಡೆದವರು 2024ರಲ್ಲಿ ಹೊರಡಿಸಲಾದ ನಿಯಮಗಳನ್ವಯ 30 ದಿನಗಳೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದಾಗ, ಸತ್ತಾಗ, ಬೇರೆಯವರಿಗೆ ಕೊಟ್ಟಾಗಲೂ ವರದಿ ಮಾಡಬೇಕಾಗುತ್ತದೆ. ಅಂಗಡಿಯವರು ಸಾಕುಪ್ರಾಣಿ ಅಂಗಡಿಗಳ ನಿಯಮಗಳು, 2018ರ ಮೇರೆಗೆ ನೋಂದಣಿ ಹೊಂದಿರತಕ್ಕದ್ದು. ರಸೀದಿ ಕೇಳಿ ಪಡೆಯುವುದು.

ಆಯಸ್ಸು ಮತ್ತು ವೆಚ್ಚ

ಬಜ್ಜರಿಗಾರ್ ಸಾಮಾನ್ಯವಾಗಿ 5ರಿಂದ 10 ವರ್ಷ, ಕಾಕಟೀಲ್ 15 ವರ್ಷ ಅಥವಾ ಅದಕ್ಕೂ ಹೆಚ್ಚು, ಆಫ್ರಿಕನ್ ಗ್ರೇ 40 ವರ್ಷಕ್ಕೂ ಮೇಲ್ಪಟ್ಟು ಬದುಕುತ್ತವೆ. ಆರನೇ ತರಗತಿಯ ಮಗುವಿಗಾಗಿ ತಂದ ಕಾಕಟೀಲ್, ಆ ಮಗು ಬೆಳಗಾವಿಗೋ ಧಾರವಾಡಕ್ಕೋ ಓದಲು ಹೋದ ಮೇಲೂ ಮನೆಯಲ್ಲಿರುತ್ತದೆ. ಆಗ ಅದರ ಆರೈಕೆ ತಾಯಿಯ ಅಥವಾ ಅಜ್ಜಿಯ ಪಾಲಿಗೆ ಬರುತ್ತದೆ. ಆದ್ದರಿಂದ ಮೊದಲು ಅವರ ಒಪ್ಪಿಗೆ ಪಡೆಯುವುದು ನ್ಯಾಯ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಹಕ್ಕಿಯ ಬೆಲೆಯು ಬಂಡವಾಳ ವೆಚ್ಚದ ಚಿಕ್ಕ ಭಾಗ ಮಾತ್ರ. ಆಹಾರ, ಚಿಕಿತ್ಸೆ ಮತ್ತು ದಿನನಿತ್ಯದ ವೇಳೆ ಇವು ಆವರ್ತಕ ವೆಚ್ಚಗಳು. ಇದರಲ್ಲಿ ವೇಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಿಣಿ ಜಾತಿಯ ಪಕ್ಷಿಗಳು ಗುಂಪಿನಲ್ಲಿ ಬಾಳುವಂಥವು. ಇಡೀ ದಿನ ಒಂಟಿಯಾಗಿ ಬಿಟ್ಟರೆ ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುವುದುಂಟು. ಪಂಜರವು ಪಕ್ಷಿ ಓಡಾಡಲು ಸಾಲದಷ್ಟು ಇಕ್ಕಟ್ಟಾಗಿದ್ದರೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರಂತೆ ಅದೂ ಅಪರಾಧವೇ.

ಹೊಗೆ, ಬಿಸಿಲು ಮತ್ತು ಪ್ರವಾಹ

ಮೇಲಿನ ವಿಷಯಗಳು ಎಲ್ಲ ಊರಿಗೂ ಸಮಾನ. ನಮ್ಮ ತಾಲ್ಲೂಕುಗಳಿಗೆ ಸಂಬಂಧಿಸಿದ ಸಂಗತಿಗಳು ಬೇರೆಯೇ ಇವೆ.

ಪಕ್ಷಿಯ ಶ್ವಾಸಕೋಶದೊಂದಿಗೆ ದೇಹದೊಳಗೆ ಗಾಳಿಚೀಲಗಳಿದ್ದು, ಉಸಿರಿನ ಗಾಳಿ ಅವುಗಳ ಮೂಲಕವೂ ಹಾದುಹೋಗುತ್ತದೆ. ಹಾರಾಟಕ್ಕೆ ಅನುಕೂಲವಾದ ಈ ರಚನೆಯಿಂದಾಗಿಯೇ ಗಾಳಿಯಲ್ಲಿರುವ ವಿಷವು ಪಕ್ಷಿಯನ್ನು ಮನುಷ್ಯನಿಗಿಂತ ಬೇಗ ತಟ್ಟುತ್ತದೆ. ನಿಪ್ಪಾಣಿ ಭಾಗದಲ್ಲಿ ತಂಬಾಕಿನ ದಾಸ್ತಾನು ಇರುವ ಮತ್ತು ಬೀಡಿ ಕಟ್ಟುವ ಮನೆಗಳು ಅನೇಕ. ತಂಬಾಕಿನ ಧೂಳು ಆಡುವ ಕೋಣೆಯಲ್ಲಿ ಪಂಜರವಿಟ್ಟರೆ ಧೂಳು ಉಸಿರಿನಲ್ಲಿಯೂ ನೀರಿನ ಬಟ್ಟಲಿನಲ್ಲಿಯೂ ಸೇರುತ್ತದೆ. ನಿಕೋಟಿನ್ ಪಕ್ಷಿಗಳಿಗೆ ವಿಷ. ಬೀಡಿ ಕಟ್ಟುವ ಕೆಲಸ ಒಂದೇ ಕೋಣೆಯಲ್ಲಿ ನಡೆಯುವ ಮನೆಗೆ ಪಕ್ಷಿಯನ್ನು ತರಬಾರದೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಕಟ್ಟಿಗೆ ಒಲೆಯ ಹೊಗೆಗೂ ಇದೇ ಮಾತು ಅನ್ವಯಿಸುತ್ತದೆ. ಅಂಟದ ಲೇಪನದ ತವೆ ಒಲೆಯ ಮೇಲೆ ಅತಿಯಾಗಿ ಕಾದರೆ ಅದರಿಂದ ಹೊರಡುವ, ನಮಗೆ ವಾಸನೆಯೂ ತಿಳಿಯದ ಅನಿಲವು ಕೆಲವೇ ನಿಮಿಷಗಳಲ್ಲಿ ಪಕ್ಷಿಯನ್ನು ಕೊಲ್ಲಬಲ್ಲದು.

ಅಥಣಿ ಕಡೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ತಗಡಿನ ಛಾವಣಿಯ ಕೆಳಗೆ ಅದು ಇನ್ನೂ ಹೆಚ್ಚು. ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿರುವ ಪಕ್ಷಿಗೆ ಕೂಡಲೇ ತಂಪು ಜಾಗ ಬೇಕು.

ಇನ್ನು ನದಿಯ ಮಾತು. 2005, 2019 ಮತ್ತು 2021ರ ಪ್ರವಾಹಗಳನ್ನು ಕಂಡ ಗ್ರಾಮಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕಲ್ಲೋಳ-ಯಡೂರ ಸೇತುವೆ ಮುಳುಗಿತೆಂಬ ಸುದ್ದಿ ಬಂದ ಮೇಲೆ ಸಾಮಾನು ಕಟ್ಟಲು ಸಿಗುವ ಸಮಯ ಅಲ್ಪ. ಮಕ್ಕಳು, ವೃದ್ಧರು, ದನಕರುಗಳು, ಕಾಗದಪತ್ರಗಳ ನಂತರ ಪಂಜರದ ಸರದಿ ಬರುತ್ತದೆ, ಬಾರದೆಯೂ ಹೋಗಬಹುದು. ಪಂಜರದೊಳಗಿನ ಪಕ್ಷಿ ತಾನಾಗಿ ಪಾರಾಗಲಾರದು. ಪರಿಹಾರ ಕೇಂದ್ರದಲ್ಲಿ ಜಾನುವಾರುಗಳಿಗೆ ಮೇವು ಸಿಕ್ಕರೂ ಹಕ್ಕಿಯ ಕಾಳನ್ನು ಮನೆಯವರೇ ಒಯ್ಯಬೇಕು. ಆದುದರಿಂದ ನದಿ ದಂಡೆಯ ಕುಟುಂಬಗಳು ಕೈಯಲ್ಲಿ ಹಿಡಿದೊಯ್ಯಬಹುದಾದ ಚಿಕ್ಕ ಪೆಟ್ಟಿಗೆಯನ್ನೂ, ಎತ್ತರದ ಊರಿನಲ್ಲಿ ಪಕ್ಷಿಯನ್ನು ಇಟ್ಟುಕೊಳ್ಳಲು ಒಪ್ಪಿದ ಒಬ್ಬ ಸಂಬಂಧಿಕರನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಂಥವರು ಸಿಗದಿದ್ದಲ್ಲಿ ಪಕ್ಷಿಯನ್ನು ತರದಿರುವುದು ಲೇಸು. ಆಷಾಢದಲ್ಲಿ ಪಂಢರಪುರಕ್ಕೆ ಮನೆಮಂದಿಯೆಲ್ಲ ಹೊರಡುವ ಕುಟುಂಬಗಳಿಗೂ ಇದೇ ಪ್ರಶ್ನೆ ಇದೆ. ಎರಡು ದಿನ ಆಹಾರವಿಲ್ಲದಿದ್ದರೆ ಚಿಕ್ಕ ಹಕ್ಕಿ ಉಳಿಯುವುದು ಕಷ್ಟ.

ಕಾಯಿಲೆಗಳ ಬಗ್ಗೆ

ಪಕ್ಷಿಗಳು ತಮ್ಮ ಅಸ್ವಸ್ಥತೆಯನ್ನು ಕೊನೆಯವರೆಗೂ ಮರೆಮಾಚುತ್ತವೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿರುವುದು ಕಂಡುಬಂದರೆ ನಾಳೆಯವರೆಗೆ ಕಾಯತಕ್ಕದ್ದಲ್ಲ. ತಾಲ್ಲೂಕು ಪಶು ಆಸ್ಪತ್ರೆಗಳ ಕೆಲಸ ಬಹುಮಟ್ಟಿಗೆ ದನ, ಎಮ್ಮೆ, ಆಡು, ಕುರಿಗಳದ್ದಾದ್ದರಿಂದ, ಪಕ್ಷಿ ಚಿಕಿತ್ಸೆ ಎಲ್ಲಿ ದೊರೆಯುವುದೆಂದು ಪಕ್ಷಿ ತರುವ ಮೊದಲೇ ಅಲ್ಲಿಯ ವೈದ್ಯಾಧಿಕಾರಿಗಳನ್ನು ವಿಚಾರಿಸಿಡುವುದು. ಹಿತ್ತಲಿನಲ್ಲಿ ಕೋಳಿಗಳಿದ್ದರೆ ರಾಣಿಖೇತ್ ರೋಗ ಪಂಜರಕ್ಕೂ ತಲುಪಬಹುದು. ಗಿಣಿ ಜಾತಿಯ ಪಕ್ಷಿಗಳ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಜ್ವರ ತಗಲುವುದುಂಟು. ಪಕ್ಷಿ ಇರುವ ಮನೆಯವರು ಜ್ವರ, ಒಣಕೆಮ್ಮು ಬಂದು ವೈದ್ಯರಲ್ಲಿಗೆ ಹೋದಾಗ ಆ ಸಂಗತಿಯನ್ನು ತಿಳಿಸಬೇಕು. ಅಸ್ತಮಾ ಇರುವವರ ಮನೆಗೆ ಪಕ್ಷಿ ತಕ್ಕುದಲ್ಲ.

ಆಹಾರದ ವಿಷಯದಲ್ಲಿ ನಮ್ಮ ಕಡೆ ಕೊರತೆಯಿಲ್ಲ. ನವಣೆ, ಸಜ್ಜೆ ಸಂತೆಯಲ್ಲೇ ಸಿಗುತ್ತವೆ. ಆದರೆ ಬರೀ ಕಾಳು ಸಾಲದು, ಸೊಪ್ಪು ಮತ್ತು ಗಜ್ಜರಿಯೂ ಬೇಕು. ಚಹಾ, ಉಪ್ಪು ಹಾಕಿದ ತಿಂಡಿ ಕೊಡಬಾರದು.

ಪಕ್ಷಿ ತರುವುದು ಬೇಡವೆಂದು ತೀರ್ಮಾನಿಸಿದ ಮನೆಯ ಮಕ್ಕಳನ್ನು ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿರುವ ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಕರೆದೊಯ್ಯಬಹುದು. ರಾಯಬಾಗದಿಂದ ಅದು ದೂರವಲ್ಲ. 1974ರಲ್ಲಿ ಘೋಷಿತವಾದ ಈ ಧಾಮಕ್ಕೆ ದೂರದೇಶಗಳಿಂದ ಕೊಕ್ಕರೆಗಳು ವಲಸೆ ಬರುತ್ತವೆ.

ಸಾಕುಪಕ್ಷಿಯ ಆರೋಗ್ಯದ ಕುರಿತು ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯನ್ನೂ, ದೇಶೀಯ ಪಕ್ಷಿಗಳನ್ನು ಒಪ್ಪಿಸುವ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನೂ ಕಛೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.