ಒಂದೇ ಮಾತು, ಎರಡು ಕಾಯಿಲೆ

ನಾವು ಸರಕಾರಿ ಕಛೇರಿಯಲ್ಲಿ ಗುಮಾಸ್ತರು. ನೌಕರರ ಔಷಧೋಪಚಾರದ ಬಿಲ್ಲುಗಳೆಲ್ಲ ನಮ್ಮ ಮೇಜಿನ ಮೇಲಿಂದಲೇ ಹಾಯ್ದು ಹೋಗಬೇಕು. ಬಿ.ಎ. ಪರೀಕ್ಷೆಗೆ ನಾವು ಓದಿದ್ದು ಇತಿಹಾಸ ಮತ್ತು ಕನ್ನಡ. ವೈದ್ಯಶಾಸ್ತ್ರದ ಗಂಧವೂ ನಮಗಿಲ್ಲ. ಆದರೂ ಹತ್ತು ವರ್ಷ ಬಿಲ್ಲುಗಳನ್ನು ತಿರುವಿ ತಿರುವಿ, ಡಾಕ್ಟರರ ಭಾಷೆ ನಮಗೂ ಒಂದಿಷ್ಟು ಬರುತ್ತದೆಂಬ ಜಂಬ ಒಳಗೊಳಗೇ ಇತ್ತು. ಆ ಜಂಬ ಇಳಿದ ಕಥೆಯನ್ನೂ, ಇಳಿದ ಮೇಲೆ ನಾವು ಕೇಳಿ ಓದಿ ತಿಳಿದುಕೊಂಡ ಸಂಗತಿಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತಾಯಿಯವರು ತೀರಿಕೊಂಡ ಮೇಲೆ ತಂದೆಯವರನ್ನು ಧಾರವಾಡದ ಕಡೆಯ ನಮ್ಮ ಊರಿನಿಂದ ಪುಣೆಗೆ ಕರೆತಂದೆವು. ಎರಡು ವರ್ಷದ ಕೆಳಗೆ ಒಂದು ಮುಂಜಾನೆ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಒಯ್ದೆವು. ಇ.ಸಿ.ಜಿ. ಕಾಗದದ ಅಡಿಯಲ್ಲಿ ‘ಎಸ್.ಟಿ. ಡಿಪ್ರೆಶನ್’ ಎಂದು ಬರೆದಿತ್ತು. ‘ಡಿಪ್ರೆಶನ್’ ಎಂಬ ಮಾತು ನಮಗೆ ಗೊತ್ತಿದ್ದದ್ದೇ. ಹೊರಗೆ ಬಂದು ನಮ್ಮ ಮನೆಯವರಿಗೆ ಮೆಲ್ಲಗೆ ಹೇಳಿದೆವು: “ಎದಿಗೆ ಏನೂ ಆಗಿಲ್ಲ. ಮನಸ್ಸಿನ ಬ್ಯಾನಿ ಅಂತ ಬರದಾರ. ಅವ್ವ ಹೋದದ್ದನ್ನ ಹಚ್ಚಿಕೊಂಡಾರ.”

ಡಾಕ್ಟರರು ನಮ್ಮ ಪಾಂಡಿತ್ಯಕ್ಕೆ ನಕ್ಕರು. ಇ.ಸಿ.ಜಿ. ಗೆರೆಯಲ್ಲಿ ‘ಎಸ್.ಟಿ.’ ಎಂದು ಕರೆಯುವ ಒಂದು ಭಾಗವುಂಟಂತೆ. ಅದು ಇರಬೇಕಾದ ಮಟ್ಟಕ್ಕಿಂತ ಕೆಳಗೆ ಕುಸಿದಿದ್ದರೆ, ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ಸಿಕ್ಕುತ್ತಿಲ್ಲವೆಂಬ ಸಂಶಯಕ್ಕೆ ಅದೊಂದು ಗುರುತು. ತಂದೆಯವರಿಗೆ ಆದದ್ದು ಹೃದಯಾಘಾತವೇ. ರಕ್ತನಾಳದಲ್ಲಿ ಸ್ಟೆಂಟ್ ಹಾಕಿದರು; ವಾರದೊಳಗೆ ಮನೆಗೆ ಬಂದರು. ‘ಎದೆಯ ಕಾಯಿಲೆಯನ್ನು ಮನಸ್ಸಿನದೆಂದ ಪಂಡಿತರು’ ಎಂದು ನಮಗೆ ಮನೆಯಲ್ಲಿ ಬಿರುದೂ ಸಿಕ್ಕಿತು. ಎಲ್ಲರೂ ನಕ್ಕೆವು. ಆ ನಗೆಯೇ ಮುಂದೆ ನಮ್ಮ ಕಣ್ಣು ಕಟ್ಟಿತು.

ಕುಸಿತದ ಹಲವು ಅರ್ಥ

‘ಡಿಪ್ರೆಶನ್’ ಲ್ಯಾಟಿನ್ ಮೂಲದ ಮಾತು. ಕೆಳಕ್ಕೆ ಒತ್ತುವುದು, ಅದುಮುವುದು ಎಂದು ಅದರ ಅರ್ಥ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೂ ಅದೇ ಮಾತು. 1930ರ ದಶಕದಲ್ಲಿ ಜಗತ್ತಿನ ವ್ಯಾಪಾರ ಕುಸಿದಾಗಲೂ ಅದೇ ಮಾತು. ಡಾಕ್ಟರರಂತೂ ಇದನ್ನು ಹತ್ತು ಕಡೆ ಬಳಸುತ್ತಾರೆ. ಅಫೀಮಿನ ಜಾತಿಯ ಔಷಧ ಮಿತಿಮೀರಿ ಉಸಿರು ನಿಧಾನವಾದರೆ ಉಸಿರಾಟದ ಡಿಪ್ರೆಶನ್. ಕ್ಯಾನ್ಸರಿನ ಔಷಧದಿಂದ ಮೂಳೆಯ ಮಜ್ಜೆ ರಕ್ತಕಣಗಳನ್ನು ಸಾಕಷ್ಟು ತಯಾರಿಸದೆ ಹೋದರೆ ಮಜ್ಜೆಯ ಡಿಪ್ರೆಶನ್. ಬ್ರೆಜಿಲ್ ದೇಶದ ವಿಜ್ಞಾನಿ ಅರಿಸ್ಟೈಡಿಸ್ ಲಿಯಾವೊ ಎಂಬವರು ಮೊಲದ ಮೆದುಳಿನ ಮೇಲ್ಪದರದಲ್ಲಿ ವಿದ್ಯುತ್ ಚಟುವಟಿಕೆ ಅಲೆಯಂತೆ ಕುಗ್ಗುತ್ತ ಹರಡುವುದನ್ನು ಕಂಡು 1944ರಲ್ಲಿ ಪ್ರಕಟಿಸಿದರು. ಅದಕ್ಕೂ ‘ಹರಡುವ ಡಿಪ್ರೆಶನ್’ ಎಂದೇ ಹೆಸರು. ಅರೆತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚು ಕುಣಿಯುವುದಕ್ಕೂ ಇದಕ್ಕೂ ಸಂಬಂಧವುಂಟೆನ್ನುತ್ತಾರೆ.

ಇವೆಲ್ಲಕ್ಕೂ ಸಾಮಾನ್ಯವಾದದ್ದು ಒಂದೇ: ಒಂದು ಮಟ್ಟದಲ್ಲಿ ಇರಬೇಕಾದದ್ದು ಕೆಳಗಿಳಿದಿದೆ. ಆದರೆ ಇವನ್ನೆಲ್ಲ ಅಳೆಯುವುದಕ್ಕೆ ಯಂತ್ರವೋ ಎಣಿಕೆಯೋ ಉಂಟು. ಗೆರೆ ಎಷ್ಟು ಇಳಿದಿದೆ, ನಿಮಿಷಕ್ಕೆ ಎಷ್ಟು ಉಸಿರು, ಹನಿ ರಕ್ತದಲ್ಲಿ ಎಷ್ಟು ಕಣ ಎಂದು ಲೆಕ್ಕ ಹಾಕಬಹುದು. ಮನಸ್ಸಿನ ಕುಸಿತಕ್ಕೆ, ಎಂದರೆ ಖಿನ್ನತೆಯೆಂಬ ಕಾಯಿಲೆಗೆ, ರಕ್ತಪರೀಕ್ಷೆಯಿಲ್ಲ, ಚಿತ್ರ ತೆಗೆಯುವ ಯಂತ್ರವಿಲ್ಲ. ಅದು ಗೊತ್ತಾಗಬೇಕಾದರೆ ರೋಗಿ ಹೇಳಬೇಕು, ಇನ್ನೊಬ್ಬರು ಕೇಳಬೇಕು. ನಾವು ತಪ್ಪಿದ್ದು ಇಲ್ಲಿಯೇ.

ನಾವು ನುಂಗಿದ ಒಂದು ವಾಕ್ಯ

ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಗುವಷ್ಟರಲ್ಲಿ ತಂದೆಯವರು ಪತ್ರಿಕೆ ಓದುವುದನ್ನು ಬಿಟ್ಟರು. ಸಂಘದ ಕಾರ್ಯಕ್ರಮವೆಂದರೆ ಮಧ್ಯಾಹ್ನವೇ ಧೋತರ ಉಟ್ಟು ಕೂಡುತ್ತಿದ್ದವರು, ‘ನೀವು ಹೋಗಿಬರ್ರಿ’ ಎನ್ನತೊಡಗಿದರು. ರಾತ್ರಿ ಮೂರಕ್ಕೇ ಎಚ್ಚರ. ರೊಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ವಯಸ್ಸಾಯಿತು, ಊರಿನ ಹಂಬಲ, ತಾಯಿಯವರ ನೆನಪು ಎಂದು ನಾವೇ ಕಾರಣ ಹೇಳಿಕೊಂಡೆವು. ಒಂದು ದಿನ ಅವರೇ ಹೇಳಿದರು: “ಎದ್ಯಾಗ ಕಲ್ಲು ಇಟ್ಟಂಗ ಆಗೇದೋ. ಯಾಕೋ ಯಾವುದೂ ಬ್ಯಾಡನಸ್ತದ.”

ಓಡಿದೆವು ಆಸ್ಪತ್ರೆಗೆ. ತಂದೆಯವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಡಾಕ್ಟರರಿಗೆ ಕನ್ನಡ ಬಾರದು. ದುಭಾಷಿಗಳು ನಾವೇ. ‘ಎದೆ ಭಾರವಂತೆ’ ಎಂದು ಮರಾಠಿಯಲ್ಲಿ ಹೇಳಿದೆವು. ಇ.ಸಿ.ಜಿ. ತೆಗೆದರು, ಗೆರೆ ಸರಿಯಿತ್ತು. ಹದಿನೈದು ದಿನಕ್ಕೆ ಮತ್ತೆ ಅದೇ ದೂರು, ಮತ್ತೆ ಅದೇ ಪರೀಕ್ಷೆ, ಮತ್ತೆ ಸರಿ.

ಮೂರನೆಯ ಸಲ, ಶಾಲೆಗೆ ರಜೆಯಿದ್ದುದರಿಂದ ನಮ್ಮ ಹತ್ತು ವರ್ಷದ ಮಗಳೂ ಜೊತೆಗಿದ್ದಳು. ನಾವು ಹೇಳಿ ಮುಗಿಸಿದೊಡನೆ ಅವಳೆಂದಳು: “ಅಪ್ಪಾ, ಅಜ್ಜ ಇನ್ನೊಂದು ಮಾತು ಹೇಳ್ಯಾರ. ಅದನ್ನ ನೀ ಹೇಳೇ ಇಲ್ಲ.” ಎಂದವಳೇ, ಯಾವುದೂ ಬೇಡವೆನಿಸುತ್ತದಂತೆ ಎಂಬುದನ್ನು ತನ್ನ ಶಾಲೆಯ ಮರಾಠಿಯಲ್ಲಿ ಡಾಕ್ಟರರಿಗೆ ಹೇಳಿಬಿಟ್ಟಳು. ಮೂರು ಸಲವೂ ತಂದೆಯವರು ಆ ಮಾತು ಆಡಿದ್ದರು. ಮೂರು ಸಲವೂ ಅದು ಡಾಕ್ಟರರಿಗೆ ಬೇಕಾದ ಮಾತಲ್ಲವೆಂದು ನಾವು ನುಂಗಿದ್ದೆವು.

ಡಾಕ್ಟರರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿಸಿದರು. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿ ಅಥವಾ ಸಂತೋಷ ಇಲ್ಲವೆನಿಸಿದೆಯೆ? ಮನಸ್ಸು ಕುಗ್ಗಿದೆ, ದಾರಿ ಕಾಣದು ಎನಿಸಿದೆಯೆ? ತಂದೆಯವರು ಉತ್ತರ ಕೊಡಲಿಲ್ಲ. ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಸಂಶೋಧನೆ ಸಾಗಿದ ದಾರಿ

ಆ ಎರಡು ಪ್ರಶ್ನೆಗಳ ಹಿಂದೆ ದೊಡ್ಡ ಚರಿತ್ರೆಯೇ ಉಂಟೆಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ಲೀಡ್ಸ್ ನಗರದ ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ಮನೋವೈದ್ಯರು ಖಿನ್ನತೆಯ ತೀವ್ರತೆಗೆ ಅಂಕ ಕೊಡುವ ಕ್ರಮವೊಂದನ್ನು 1960ರಲ್ಲಿ ಪ್ರಕಟಿಸಿದರು. ನಿದ್ರೆ, ಹಸಿವು, ಕೆಲಸ, ತಪ್ಪಿತಸ್ಥಭಾವ ಮೊದಲಾದ ಒಂದೊಂದಕ್ಕೂ ಅಂಕ. ರೋಗಿಯೇ ತುಂಬಬಹುದಾದ ಒಂಬತ್ತು ಪ್ರಶ್ನೆಗಳ ಪಟ್ಟಿ 2001ರಲ್ಲಿ ಬಂತು. ಪ್ರತಿಯೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕೆ ಮೇಲಾದರೆ ವಿಚಾರಿಸಬೇಕಾದ ಸಂಗತಿ. ನಮ್ಮ ಡಾಕ್ಟರರು ಕೇಳಿದ್ದು ಆ ಪಟ್ಟಿಯ ಮೊದಲ ಎರಡನ್ನು.

ಔಷಧಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಜಿಡ್ ಎಂಬ ಹೊಸ ಔಷಧ ಕೊಟ್ಟಾಗ, ಹಾಸಿಗೆ ಹಿಡಿದವರಲ್ಲಿ ಉಲ್ಲಾಸ ಕಾಣಿಸಿಕೊಂಡಿತು. ನೇಥನ್ ಕ್ಲೈನ್ ಮತ್ತು ಅವರ ಸಂಗಡಿಗರು ಅದನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟು 1957ರಲ್ಲಿ ವರದಿ ಮಾಡಿದರು. ಯಕೃತ್ತಿಗೆ ಹಾನಿಯೆಂದು ತಿಳಿದ ಮೇಲೆ ಆ ಔಷಧ ಹಿಂದೆ ಸರಿಯಿತು. ಅದೇ ಕಾಲಕ್ಕೆ ಸ್ವಿಟ್ಸರ್ಲೆಂಡಿನ ಮುನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯಲ್ಲಿ ರೋಲಂಡ್ ಕುನ್ ಎಂಬವರು, ಸ್ಕಿಜೋಫ್ರೇನಿಯಾಕ್ಕೆ ನಾಟದೆ ಹೋದ ಇಮಿಪ್ರಮಿನ್ ಔಷಧವು ಖಿನ್ನತೆಗೆ ನಾಟುವುದನ್ನು ಕಂಡರು.

ಆದರೆ ಒಬ್ಬ ರೋಗಿ ಗುಣವಾದ ಮಾತ್ರಕ್ಕೆ ಔಷಧದಿಂದಲೇ ಆಯಿತೆನ್ನಬಹುದೆ? ಕಾಲವೇ ಗುಣಪಡಿಸಿರಬಹುದು, ಡಾಕ್ಟರರ ಮೇಲಿನ ನಂಬಿಕೆ ಗುಣಪಡಿಸಿರಬಹುದು. ಅದಕ್ಕಾಗಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು, ತಿನ್ನುವವರಿಗೂ ತಿಳಿಯದು. ಇಂಥ 522 ಪರೀಕ್ಷೆಗಳನ್ನೂ 1,16,477 ರೋಗಿಗಳನ್ನೂ ಒಟ್ಟು ಮಾಡಿ ನೋಡಿದ ಒಂದು ಸಮೀಕ್ಷೆ 2018ರಲ್ಲಿ ಬಂತು. ಅದರಲ್ಲಿದ್ದ 21 ಔಷಧಗಳೂ ಹುಸಿಗುಳಿಗೆಗಿಂತ ಮೇಲೆನಿಸಿದವು. ಆದರೆ ಸರಾಸರಿಯಲ್ಲಿ ಆ ಮೇಲುಗೈ ಬಹಳ ದೊಡ್ಡದಲ್ಲ. ಹುಸಿಗುಳಿಗೆ ತಿಂದವರಲ್ಲಿಯೂ ಅನೇಕರು ಚೇತರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಜನರನ್ನು ಸೇರಿಸಿಕೊಂಡು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಔಷಧದಿಂದಲೇ ಕಾಯಿಲೆ ಪೂರ್ತಿ ಇಳಿದದ್ದು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. ಆದ್ದರಿಂದ ಮೊದಲ ಗುಳಿಗೆ ನಾಟಲಿಲ್ಲವೆಂದು ಕೈಚೆಲ್ಲಿ ಕೂಡಬಾರದು.

ಎರಡು ಕಾಯಿಲೆ ಕೂಡಿದಾಗ

ನಮ್ಮ ತಂದೆಯವರಂತೆ ಎರಡೂ ಕೂಡಿದವರ ಗತಿಯೇನು? ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೃದಯಾಘಾತವಾಗಿ ಬದುಕುಳಿದ 222 ಜನರನ್ನು ಮಾತನಾಡಿಸಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. 35 ಜನರಿಗೆ ಖಿನ್ನತೆಯಿತ್ತು, 187 ಜನರಿಗೆ ಇರಲಿಲ್ಲ. ಆರು ತಿಂಗಳೊಳಗೆ ತೀರಿಕೊಂಡವರು ಹನ್ನೆರಡು ಜನ: ಆ 187ರಲ್ಲಿ ಆರು, ಈ 35ರಲ್ಲಿಯೂ ಆರು. ಈ ಅಂಕಿಯನ್ನು ಮೊದಲು ಓದಿದಾಗ ನಾವು ಕಾಗದವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಹಾಗಾದರೆ ಖಿನ್ನತೆಗೆ ಚಿಕಿತ್ಸೆ ಮಾಡಿದರೆ ಹೃದಯವೂ ಉಳಿದೀತೆ? ಇಮಿಪ್ರಮಿನ್ ಜಾತಿಯ ಹಳೆಯ ಔಷಧಗಳು ಹೃದಯದ ಬಡಿತವನ್ನು ಕೆಡಿಸುವ ಭಯವಿತ್ತು. ಸರ್ಟ್ರಲಿನ್ ಎಂಬ ಹೊಸ ಔಷಧ ಹೃದ್ರೋಗಿಗಳಿಗೆ ಸುರಕ್ಷಿತವೆಂದು 369 ರೋಗಿಗಳ ಪರೀಕ್ಷೆ 2002ರಲ್ಲಿ ತೋರಿಸಿತು. ಮರುವರ್ಷ 2,481 ರೋಗಿಗಳ ದೊಡ್ಡ ಪರೀಕ್ಷೆಯ ಫಲ ಬಂತು: ಮಾತಿನ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತು, ಆದರೆ ಮರಣವೂ ಮರಳಿ ಬರುವ ಹೃದಯಾಘಾತವೂ ಕಡಿಮೆಯಾಗಲಿಲ್ಲ. ಕೊರಿಯಾ ದೇಶದ 300 ರೋಗಿಗಳನ್ನು ಹಲವು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾತ್ರ, ಖಿನ್ನತೆಗೆ ಔಷಧ ಪಡೆದವರಿಗೆ ಹೃದಯದ ತೊಂದರೆಯೂ ಕಡಿಮೆ ಕಂಡಿತು. ಪ್ರಶ್ನೆ ಇನ್ನೂ ಮುಗಿದಿಲ್ಲ. ಆದರೆ ಖಿನ್ನತೆ ಇಳಿಯುವುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಊಟ ರುಚಿಸಿ, ನಿದ್ದೆ ಬಂದು, ಮೊಮ್ಮಕ್ಕಳ ಸಂಗಡ ನಕ್ಕರೆ ಅದೇನು ಸಣ್ಣ ಲಾಭವೆ?

ಚಿಕಿತ್ಸೆಗೆ ದೊಡ್ಡ ಡಾಕ್ಟರರೇ ಬೇಕೆಂದೂ ಇಲ್ಲ. ನಮ್ಮ ಕಾರವಾರದ ನೆರೆಯ ಗೋವೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನರನ್ನು ಆರಿಸಿ ಒಂದು ಪರೀಕ್ಷೆ ನಡೆಸಿದರು. ಮನೋವೈದ್ಯದ ಹಿನ್ನೆಲೆಯಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಆರೆಂಟು ಸಲ ರೋಗಿಯ ಸಂಗಡ ಕುಳಿತು ಮಾತನಾಡಿಸಿದರು. ಮನಸ್ಸು ಸರಿಯಾದ ಮೇಲೆ ಕೆಲಸವೆನ್ನದೆ, ಮೊದಲು ಸಣ್ಣ ಕೆಲಸ, ಅದರ ಹಿಂದೆ ಮನಸ್ಸು ಬರಲಿ ಎಂಬುದೇ ಅದರ ತಿರುಳು. 2017ರಲ್ಲಿ ಬಂದ ಫಲ ನೋಡಿರಿ: ಮೂರು ತಿಂಗಳಲ್ಲಿ ಈ ಉಪಚಾರ ಪಡೆದವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡರೆ, ಪಡೆಯದವರಲ್ಲಿ 39 ಜನ.

ನಮ್ಮ ಮನೆಯಲ್ಲಿ, ನಿಮ್ಮ ಮನೆಯಲ್ಲಿ

ತಂದೆಯವರನ್ನು ಮನೋವೈದ್ಯರ ಬಳಿ ಕಳಿಸಿದರು. ‘ಹುಚ್ಚರ ಡಾಕ್ಟರ’ ಎಂದು ಅವರು ಒಂದು ವಾರ ಹಟ ಮಾಡಿದರು. ಎದೆಯ ಡಾಕ್ಟರರೇ ಹೇಳಿದ್ದಾರೆಂದು ಒಪ್ಪಿಸಿದೆವು. ಮೊದಲ ಗುಳಿಗೆ ಹೊಂದಲಿಲ್ಲ, ಎರಡನೆಯದು ಹೊಂದಿತು. ಅದೂ ನಾಲ್ಕು ವಾರ ಕಾದ ಮೇಲೆ. ಡಾಕ್ಟರರು ಹೇಳಿದಂತೆ ಮುಂಜಾನೆ ಹಾಲು ತರುವ ಕೆಲಸವನ್ನು ಅವರಿಗೇ ಬಿಟ್ಟೆವು. ಮೊದಲ ದಿನ ಅರ್ಧ ದಾರಿಗೇ ತಿರುಗಿ ಬಂದರು. ಈಗ ಹಾಲಿನ ಜೊತೆಗೆ ಓಣಿಯ ಸುದ್ದಿಯನ್ನೂ ತರುತ್ತಾರೆ. ಪೂರ್ತಿ ಮೊದಲಿನಂತಾಗಿದ್ದಾರೆ ಎನ್ನಲಾರೆವು; ಕೆಲವು ದಿನ ಮತ್ತೆ ಮೋಡ ಕವಿಯುತ್ತದೆ. ಕಳೆದ ಯುಗಾದಿಗೆ ಮಾತ್ರ ಸಂಘದ ಕಾರ್ಯಕ್ರಮಕ್ಕೆ ಮಧ್ಯಾಹ್ನವೇ ಧೋತರ ಉಟ್ಟು ಕುಳಿತಿದ್ದರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಐವರಷ್ಟು ಜನ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಕ್ಕಿದ್ದಾರೆ. ನಮ್ಮ ಸಂಘದ ಸಭೆಯಲ್ಲಿ ಇನ್ನೂರು ಜನ ಕೂಡಿದರೆ ಅವರಲ್ಲಿ ಹತ್ತು ಜನ ಎಂದಾಯಿತು. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅದನ್ನು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಡಾಕ್ಟರರ ಹತ್ತಿರ ಹೋಗಬೇಕು. ಹಚ್ಚಿದ ಗುಳಿಗೆಯನ್ನು ಡಾಕ್ಟರರನ್ನು ಕೇಳದೆ ನಾವೇ ನಿಲ್ಲಿಸಬಾರದು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ದೊರೆಯಬೇಕೆಂದು 2017ರ ಕಾಯಿದೆ ಹೇಳುತ್ತದೆ. ಇದನ್ನು ಬಿಲ್ಲಿನ ಗುಮಾಸ್ತರಾಗಿ ನಾವು ಒತ್ತಿ ಹೇಳುತ್ತೇವೆ.

ಇನ್ನೊಂದು ಮಾತು ನಮ್ಮಂಥ ಹೊರನಾಡಿನ ಮನೆಗಳಿಗೇ ಸೇರಿದ್ದು. ಊರಿನಿಂದ ಬಂದ ಹಿರಿಯರಿಗೆ ಇಲ್ಲಿಯ ಡಾಕ್ಟರರ ಮುಂದೆ ನಾಲಿಗೆಯಾಗುವವರು ನಾವು. ಅವರು ಹತ್ತು ಮಾತು ಹೇಳಿದರೆ ಹತ್ತನ್ನೂ ದಾಟಿಸೋಣ. ಯಾವುದು ಕಾಯಿಲೆಯ ಮಾತು, ಯಾವುದು ಬರಿಯ ಬೇಸರದ ಮಾತು ಎಂದು ನಡುವೆ ನಿಂತು ಆರಿಸುವ ಕೆಲಸ ನಮ್ಮದಲ್ಲ.