ಬಾಪನ ಕಂಟೆಸಾಕ್ಕೆ ಯಾವ ಇಂಜಿನ್?

ಕಂಪೆನಿ ಅದನ್ನು ಸ್ಪೋರ್ಟ್ಸ್ ಕಾರು ಅಂತ ಮಾರಿದ್ದಲ್ಲ. ಆದರೂ ಎಂಬತ್ತು-ತೊಂಬತ್ತರ ದಶಕದಲ್ಲಿ ನಮ್ಮ ಹುಡುಗರ ಕಣ್ಣಿಗೆ ಕಂಟೆಸಾ ಅಂದರೆ ಅದೇ. ಉದ್ದನೆಯ ಬಾನೆಟ್, ತಗ್ಗಿದ ಮೈ, ಸಿನಿಮಾದಲ್ಲಿ ವಿಲನ್ ಬಾಗಿಲು ತೆಗೆದು ಇಳಿಯುತ್ತಿದ್ದ ಗತ್ತು. ಗಲ್ಫಿನ ದುಡಿಮೆಯಲ್ಲಿ ಇಂಥದ್ದೊಂದು ಕೊಂಡ ಮನೆಗಳು ನಮ್ಮ ನಡುವೆ ಅಲ್ಲೊಂದು ಇಲ್ಲೊಂದು ಇವೆ. ಬಾಪ ಹೋದ ಮೇಲೆ ಟಾರ್ಪಾಲು ಹೊದ್ದು ಅಂಗಳದಲ್ಲಿ ನಿಂತ ಕಾರನ್ನು ಎಬ್ಬಿಸಬೇಕು, ಒಳ್ಳೇ ಇಂಜಿನ್ ಹಾಕಿ ಓಡಿಸಬೇಕು ಅಂತ ಮಕ್ಕಳಿಗೆ ಆಸೆ. ಆಸೆ ತಪ್ಪಲ್ಲ. ಯಾವ ಇಂಜಿನ್, ಯಾರ ಒಪ್ಪಿಗೆಯಿಂದ ಅನ್ನೋದು ಪ್ರಶ್ನೆ.

ಮೊದಲು ಈ ಕಾರಿನ ಕತೆ ಸ್ವಲ್ಪ. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚುಗಳನ್ನು ತಂದು ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಕಂಟೆಸಾ ಹೊರತಂದಿತು. ಮೈ ಹೊಸದು, ಹೃದಯ ಮಾತ್ರ ಅಂಬಾಸಿಡರ್‌ನದ್ದೇ: 1489 ಸಿಸಿಯ ಬಿ.ಎಂ.ಸಿ. ಇಂಜಿನ್, ಸುಮಾರು 50 ಅಶ್ವಶಕ್ತಿ, ನಾಲ್ಕು ಗೇರ್. ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಫ್ಯಾಮಿಲಿ ತುಂಬಿಸಿಕೊಂಡು ಶಿರಾಡಿ ಘಾಟಿ ಹತ್ತಿಸಿದವರಿಗೆ ಇದು ಹೇಳಬೇಕಾಗಿಲ್ಲ. ಆ ದೂರು ಕಂಪೆನಿಗೂ ತಲುಪಿತು. ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಝು ಜೊತೆ ಕೈಜೋಡಿಸಿ 1817 ಸಿಸಿಯ ಪೆಟ್ರೋಲ್ ಇಂಜಿನ್, ಐದು ಗೇರ್ ಬಾಕ್ಸ್ ಕೂರಿಸಿದರು. ಶಕ್ತಿ 80 ಅಶ್ವಶಕ್ತಿ ದಾಟಿತು. ಆಮೇಲೆ ಇಸುಝುವಿನದೇ 2 ಲೀಟರ್ ಡೀಸೆಲ್ ಕೂಡ ಬಂತು. 2002ಕ್ಕೆ ಕಂಟೆಸಾ ತಯಾರಿಕೆಯೇ ನಿಂತಿತು.

ಹಾಗಾಗಿ 1.5ರ ಕಂಟೆಸಾ ಇಟ್ಟವರ ಮುಂದೆ ದಾರಿ ಕೆಲವೇ. ಹಳೆ ಇಂಜಿನನ್ನೇ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸುವುದು ಒಂದು. ಇಸುಝು 1.8 ಹುಡುಕಿ ಕೂರಿಸುವುದು ಇನ್ನೊಂದು. ಅದೇ ಇಂಜಿನ್ ಅಂಬಾಸಿಡರ್ 1800ರಲ್ಲೂ ಇದ್ದ ಕಾರಣ ಗುಜರಿಯಲ್ಲಿ ಹುಡುಕಿದರೆ ಈಗಲೂ ಸಿಗುವ ಸಾಧ್ಯತೆ ಇದೆ, ಗುಜರಿ ವ್ಯಾಪಾರದ ಒಳಹೊರಗು ನಮ್ಮವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಡೀಸೆಲ್ ಬೇಡ ಅಂತ ನಮ್ಮ ಅಭಿಪ್ರಾಯ. ಮೈಲೇಜ್ ಬರಬಹುದು, ಆದರೆ ಓಟ ಹೆಚ್ಚಿಸಲು ಹೊರಟವನಿಗೆ ಆ ಗುಡುಗುಡು ಇಂಜಿನ್‌ನಲ್ಲಿ ಏನು ಸಿಗುತ್ತದೆ?

ಇನ್ನು ಹುಡುಗರ ಬಾಯಲ್ಲಿ ಈಗ ಕೇಳುವುದು ಜಪಾನಿನ ‘ಹಾಫ್ ಕಟ್’. ಅರ್ಧ ಕತ್ತರಿಸಿ ತಂದ ವಿದೇಶಿ ಕಾರಿನ ಇಂಜಿನ್, ಗೇರ್ ಬಾಕ್ಸ್, ವಯರಿಂಗ್ ಎಲ್ಲ ಒಟ್ಟಿಗೆ. ಮೊಬೈಲಿನ ವೀಡಿಯೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದರ ಆಮದು ಕಾಗದ, ಕಸ್ಟಮ್ಸ್ ರಸೀದಿ ಎಲ್ಲಿ ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದ ಇಲ್ಲದ ಮಾಲನ್ನು ಬಾಪನ ಹೆಸರಿನ ಕಾರಿಗೆ ಕೂರಿಸುವುದು ಯಾವ ಲೆಕ್ಕ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಈ ವಿಷಯದಲ್ಲಿ ಬಿಗಿ. ಆರ್‌ಸಿಯಲ್ಲಿ ಇಂಜಿನ್ ನಂಬರ್, ಸಿಸಿ, ಇಂಧನ ಎಲ್ಲ ಬರೆದಿರುತ್ತದೆ. ಕಂಪೆನಿ ಹೇಳಿದ್ದಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದ್ದರಿಂದ ಗ್ಯಾರೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಓಗೆ ಅರ್ಜಿ ಕೊಡಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪಿಗೆ ಸಿಗದಿದ್ದರೆ 1.8ರ ಯೋಚನೆ ಬಿಡಿ, ಹಳೆಯದನ್ನೇ ರಿಪೇರಿ ಮಾಡಿಸಿ. ‘ಆಮೇಲೆ ನೋಡಿಕೊಳ್ಳೋಣ’ ಅನ್ನುವ ಮೆಕ್ಯಾನಿಕ್‌ನ ಮಾತು ನಂಬಿ ಕೆಲಸ ಶುರು ಮಾಡಬೇಡಿ.

ವಿಮೆಯದ್ದು ಇನ್ನೊಂದು ಲೆಕ್ಕ. ಥರ್ಡ್ ಪಾರ್ಟಿ ಪ್ರೀಮಿಯಂ ನಿಲ್ಲುವುದು ಸಿಸಿಯ ಮೇಲೆ. 2022ರಲ್ಲಿ ನಿಗದಿಯಾದ ದರದಂತೆ 1500 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 3416 ರೂಪಾಯಿ, 1500 ದಾಟಿದರೆ 7897. 1489ರಿಂದ 1817ಕ್ಕೆ ಹಾರಿದರೆ ಎರಡು ಪಟ್ಟಿಗೂ ಹೆಚ್ಚು. ಅದನ್ನು ಉಳಿಸಲು ಹೋಗಿ ವಿಮಾ ಕಂಪೆನಿಗೆ ಹೇಳದೆ ಕುಳಿತಿರೋ, ಪಂಪ್‌ವೆಲ್‌ನಲ್ಲಿ ಒಂದು ಅಪಘಾತವಾದ ದಿನ ಗಾಯಾಳುವಿನ ಪರಿಹಾರ ನಿಮ್ಮ ಕಿಸೆಯಿಂದ ಹೋಗುವ ಅಪಾಯ ಇದೆ. 15 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಶನ್ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಆ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು, ಈಚೆಗೆ 20 ವರ್ಷ ದಾಟಿದ ಕಾರುಗಳಿಗೆ ಇನ್ನೂ ಹೆಚ್ಚಾಗಿದೆ. ಎಫ್‌ಸಿಗೆ ಹೋದಾಗ ಇಂಜಿನ್ ನಂಬರ್ ನೋಡುವವರು ಬಾನೆಟ್ ಎತ್ತಿಯೇ ಎತ್ತುತ್ತಾರೆ.

ಇದೆಲ್ಲಕ್ಕಿಂತ ಮೊದಲಿನ ಮಾತೊಂದಿದೆ. ಈ ಕಾರು ಯಾರದ್ದು? ಬಾಪ ತೀರಿಕೊಂಡಿದ್ದರೆ, ಅವರ ಸಾಲ, ವಸೀಯತ್ ತೀರಿಸಿ ಉಳಿದದ್ದರಲ್ಲಿ ಈ ಕಾರೂ ಸೇರಿತು. ಅದರಲ್ಲಿ ಉಮ್ಮನಿಗೆ ಎಂಟನೇ ಒಂದು ಪಾಲು, ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳಿಗೂ ಅವರವರ ಪಾಲು ಇದೆ. ಕಾರಿನ ಹುಚ್ಚು ಇರುವ ಮಗ ಲಕ್ಷಗಟ್ಟಲೆ ಸುರಿದು ಇಂಜಿನ್ ಹಾಕಿಸಿದ, ನಾಳೆ ಅಕ್ಕ ಪಾಲು ಕೇಳಿದಾಗ ಬೆಲೆ ಕಟ್ಟುವುದು ಯಾವುದಕ್ಕೆ, ಹಳೆ ಕಾರಿಗೋ ಹೊಸ ಇಂಜಿನ್‌ನ ಕಾರಿಗೋ? ಇಂಥ ಸಣ್ಣ ವಿಷಯಕ್ಕೇ ಮಾತು ಬಿಡುವ ಒಡಹುಟ್ಟಿದವರು ಕಡಿಮೆಯಿಲ್ಲ. ಮೊದಲು ಇದ್ದ ಸ್ಥಿತಿಯಲ್ಲೇ ಬೆಲೆ ಕಟ್ಟಿಸಿ, ಉಳಿದವರ ಪಾಲು ಕೊಟ್ಟು ಅಥವಾ ಒಪ್ಪಿಗೆ ಬರೆಸಿಕೊಂಡು, ಆರ್‌ಸಿ ತನ್ನ ಹೆಸರಿಗೆ ಮಾಡಿಕೊಳ್ಳಲಿ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು ಅಂತ ನಿಯಮವಿದೆ. ವರ್ಷಗಟ್ಟಲೆ ಹಾಗೇ ಬಿಟ್ಟವರು ಆ ಕಾಗದ ಸರಿ ಮಾಡಿಸಿಯೇ ಸ್ಪ್ಯಾನರ್ ಹಿಡಿಯಬೇಕು.

ಕೆಲಸಕ್ಕೆ ಇಳಿದ ಮೇಲೂ ಇಂಜಿನ್ ಕೊನೆಗೆ ಬರಲಿ. ಕಡಲ ಗಾಳಿಗೆ, ನಮ್ಮ ಮಳೆಗೆ ಮೊದಲು ತಿಂದುಹೋಗುವುದು ಕೆಳಗಿನ ತಗಡು. ಫ್ಲೋರ್, ಇಂಜಿನ್ ಕೂರುವ ಕಡೆ ತುಕ್ಕು ಹಿಡಿದಿದ್ದರೆ ಹೆಚ್ಚು ಶಕ್ತಿಯ ಇಂಜಿನ್ ಅದನ್ನು ಇನ್ನಷ್ಟು ಬೇಗ ಅಲುಗಾಡಿಸುತ್ತದೆ. ಆಮೇಲೆ ಬ್ರೇಕು, ರೇಡಿಯೇಟರ್. 50 ಅಶ್ವಶಕ್ತಿಗೆ ಹೊಂದಿಸಿದ ಬ್ರೇಕಿನಲ್ಲಿ 80ರ ಕಾರನ್ನು ಚಾರ್ಮಾಡಿ ಇಳಿಸಬೇಡಿ.

ಹಳೆ ಇಂಜಿನನ್ನೇ ಉಳಿಸುವವರು ಎರಡು ಸಂಗತಿ ಮೆಕ್ಯಾನಿಕ್‌ಗೆ ಹೇಳಿ. ಅದು ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಇಂಜಿನ್; 2000ದಿಂದ ಆ ಪೆಟ್ರೋಲ್ ದೇಶದಲ್ಲಿಲ್ಲ. ಆದ್ದರಿಂದ ಹೆಡ್ ಬಿಚ್ಚಿದಾಗಲೇ ಲೇತ್‌ನವರಲ್ಲಿ ಗಟ್ಟಿ ವಾಲ್ವ್ ಸೀಟ್ ಹಾಕಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಹಳೆ ರಬ್ಬರ್ ಪೈಪು, ಕಾರ್ಬೊರೇಟರ್ ಗ್ಯಾಸ್ಕೆಟ್ ಅದಕ್ಕೆ ತಡೆಯುವುದಿಲ್ಲ, ಎಲ್ಲ ಬದಲಿಸಬೇಕು. ಎಥೆನಾಲ್ ನೀರು ಹೀರುತ್ತದೆ, ಮಳೆಗಾಲವಿಡೀ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಡಬಾರದು.

1.8ಕ್ಕೆ ಅನುಮತಿ ಸಿಕ್ಕವರು ತೆಗೆದ ಇಂಜಿನನ್ನು ಗುಜರಿಗೆ ಹಾಕಬೇಡಿ. ಮೊದಲ ರಿಜಿಸ್ಟ್ರೇಶನ್‌ನಿಂದ 50 ವರ್ಷ ದಾಟಿದ, ಇಂಜಿನ್, ಚಾಸಿಸ್ ಮೂಲದಲ್ಲಿದ್ದಂತೆಯೇ ಇರುವ ಕಾರಿಗೆ ವಿಂಟೇಜ್ ರಿಜಿಸ್ಟ್ರೇಶನ್ ಕೊಡುವ ನಿಯಮ 2021ರಿಂದ ಇದೆ. ಮೊದಲ ಕಂಟೆಸಾಗಳಿಗೆ 2034ಕ್ಕೆ ಐವತ್ತು ತುಂಬುತ್ತದೆ. ಆ ಹೊತ್ತಿಗೆ ಮೂಲ ಇಂಜಿನ್ ಬೇಕಾಗಬಹುದು. ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿ, ಮಳೆ ತಾಗದ ಮೂಲೆಯಲ್ಲಿ ಮರದ ಹಲಗೆ ಮೇಲೆ ಇಡಿ, ನಂಬರ್ ಕೊರೆದ ಬದಿ ಕಾಣುವಂತೆ.