ಚಮಚದೊಳಗಿನ ಬಳೆಗಳು

ಉಣ್ಣಲೊಲ್ಲದ ಮಗುವನ್ನು ಒಲಿಸಿಕೊಳ್ಳುವುದು ಯಾವ ದೇಶದ ತಾಯಿಗೂ ಸುಲಭಸಾಧ್ಯವಾದ ಕಾರ್ಯವಲ್ಲ. ಈ ಕಷ್ಟಕ್ಕೆ ಅಮೆರಿಕದ ಕಂಪೆನಿಯೊಂದು ಕಂಡುಕೊಂಡ ಉಪಾಯವನ್ನು ನಮ್ಮ ವಾಚಕರಿಗೆ ಇಲ್ಲಿ ನಿವೇದಿಸುತ್ತೇವೆ.

ಸ್ಪಗೆಟಿ ಎಂಬುದು ಇಟಲಿಯವರ ಶಾವಿಗೆ. ಗೋಧಿಯ ಹಿಟ್ಟನ್ನು ನಾದಿ, ನೀಳವಾದ ಎಳೆಗಳಾಗಿ ಒತ್ತಿ ಒಣಗಿಸುವರು. ಬೇಯಿಸಿ ಟೊಮೇಟೊ ಗೊಜ್ಜಿನೊಡನೆ ತಿನ್ನುವರು. ದೊಡ್ಡವರು ಅದನ್ನು ಮುಳ್ಳುಚಮಚಕ್ಕೆ ಸುತ್ತಿಕೊಂಡು ತಿಂದಾರು. ಆದರೆ ಮೂರು ವರ್ಷದ ಕೂಸು ತಿನ್ನಹೊರಟರೆ ಬಾಯಿಗೆ ಸೇರುವುದಕ್ಕಿಂತ ಗಲ್ಲಕ್ಕೂ ಅಂಗಿಗೂ ಮೆತ್ತುವುದೇ ಹೆಚ್ಚು.

ಕ್ಯಾಂಬೆಲ್ ಸೂಪ್ ಕಂಪೆನಿಯ ಡೊನಾಲ್ಡ್ ಗೋರ್ಕೆ ಎಂಬವರು ಮಕ್ಕಳಿಗೆ ಒಪ್ಪುವ ಆಕಾರವೊಂದನ್ನು ಅರಸತೊಡಗಿದರು. ಕುದುರೆಯೇರಿದ ದನಗಾಹಿ, ನಕ್ಷತ್ರ, ಗಗನಯಾತ್ರಿ ಮೊದಲಾದ ರೂಪಗಳು ಆಲೋಚನೆಗೆ ಬಂದುವು. ಕಡೆಗೆ ಗೆದ್ದುದು ಸಾದಾ ಬಳೆಯ ಆಕಾರವೇ. ಇಂಗ್ಲಿಷಿನ 'ಓ' ಅಕ್ಷರವನ್ನು ಹೋಲುವ ಈ ತಿನಿಸು 'ಸ್ಪಗೆಟಿ-ಓಸ್' ಎಂಬ ಹೆಸರಿನಿಂದ 1965ರಲ್ಲಿ ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದಿತು. ಪುಟ್ಟ ಬಳೆ ಚಮಚದಲ್ಲಿ ನಿಲ್ಲುತ್ತದೆ, ಜಾರುವುದಿಲ್ಲ. ಮಗು ತನ್ನ ಕೈಯಿಂದಲೇ ತಿನ್ನಬಲ್ಲದು. ಬ್ರಿಟನ್ನಿನಲ್ಲಿ ಹೈನ್ಜ್ ಕಂಪೆನಿಯವರು ಅಕ್ಷರಮಾಲೆಯ ಆಕಾರದ ಶಾವಿಗೆಯನ್ನೇ ಡಬ್ಬಿಯಲ್ಲಿ ತುಂಬಿದರು. 1990ರಲ್ಲಿ ನಿಲ್ಲಿಸಿದ ಆ ತಿನಿಸನ್ನು 2005ರಲ್ಲಿ ಅವರು ಮರಳಿ ತಂದರು. ತಟ್ಟೆಯಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಆಯ್ದು ತಿನ್ನುವ ಮಗುವಿಗೆ ಊಟವೂ ಆಟವೂ ಒಂದೇ ಅಲ್ಲವೆ?

ಆದರೆ ಗೃಹಸ್ಥರು ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಗಾಳಿ ಹೋಗದಂತೆ ಮುಚ್ಚಿದ ಡಬ್ಬಿಯನ್ನು ಕಾರ್ಖಾನೆಯಲ್ಲಿ ತೀವ್ರವಾದ ಉಷ್ಣಕ್ಕೆ ಗುರಿಪಡಿಸಿದರೆ ಮಾತ್ರ ಒಳಗಣ ಕ್ರಿಮಿಗಳು ನಾಶವಾಗುವುವು. 2010ರ ಜೂನ್ ತಿಂಗಳಲ್ಲಿ, ಬೇಯಿಸುವ ಯಂತ್ರದ ದೋಷದಿಂದ ಮಾಂಸದುಂಡೆಗಳುಳ್ಳ ಸ್ಪಗೆಟಿ-ಓಸ್ ಸರಿಯಾಗಿ ಬೆಂದಿರಲಾರದೆಂಬ ಶಂಕೆ ಹುಟ್ಟಿ, ಕಂಪೆನಿಯು ಸುಮಾರು ಒಂದೂವರೆ ಕೋಟಿ ಪೌಂಡು ತೂಕದ ಸರಕನ್ನು ಹಿಂದಕ್ಕೆ ಕರೆಯಿಸಿತು. ಆಗ ಯಾರಿಗೂ ಕಾಯಿಲೆಯಾದ ವರದಿ ಬರಲಿಲ್ಲವೆಂಬುದು ಸಮಾಧಾನದ ವಿಷಯ. ಆದರೂ ಡಬ್ಬಿಯ ಮುಚ್ಚಳ ತೆರೆಯುವ ತಾಯಿಯು ತಾನು ಎಂದೂ ಕಾಣದ ಒಂದು ಒಲೆಯನ್ನು ನಂಬಿರುತ್ತಾಳೆಂಬುದನ್ನು ಮರೆಯಲಾಗದು.

ಮಗು ಮೊದಲು ಕಣ್ಣಿನಿಂದ ಉಣ್ಣುತ್ತದೆ ಎಂಬ ತಿಳಿವಳಿಕೆಯನ್ನು ಈ ವ್ಯಾಪಾರಿಗಳಿಂದ ನಾವು ಸಂತೋಷದಿಂದಲೇ ಕಲಿಯಬಹುದು. ಆದರೆ ಬಳೆಯಾದರೇನು, ಅಕ್ಷರವಾದರೇನು, ಆಕಾರದಿಂದ ಪುಷ್ಟಿ ಹೆಚ್ಚುವುದಿಲ್ಲ; ಗೊಜ್ಜಿನ ಉಪ್ಪೂ ತಗ್ಗುವುದಿಲ್ಲ. ಆಕಾರವನ್ನು ಮೆಚ್ಚುವುದು ಮಗುವಿನ ಪಾಲು. ಡಬ್ಬಿಯ ಮೇಲಣ ಬರಹವನ್ನು ಓದುವುದು ಹಿರಿಯರ ಪಾಲು.